ಕಾಮಣಿ ರಕ್ತಕ್ಕೆ ಸುತ್ತಿದ ಕರಿ ಕಾಗದ

ಎಕ್ಸ್‌ರೇ ಫಿಲ್ಮು ಸುತ್ತಿ ಬರುವ ಕರಿ ಕಾಗದವನ್ನು ನಾನು ಬಿಜಾಪುರಕ್ಕೆ ಹೋದಾಗಲೆಲ್ಲ ಬೇಡಿ ತರುತ್ತಿದ್ದೆ. ಅಂಗೈ ಅಗಲ ಕತ್ತರಿಸಿ ಲ್ಯಾಬಿನ ಕಪಾಟಿನಲ್ಲಿ ಕಟ್ಟು ಕಟ್ಟಿ ಇಟ್ಟಿರುತ್ತಿದ್ದೆ. ಕಾಮಣಿ, ಅಂದರೆ ಕಾಮಾಲೆ, ಆದವರ ರಕ್ತ ಬಂತೆಂದರೆ ಆ ನಳಿಕೆಗೆ ಒಂದು ತುಂಡು ಸುತ್ತಿ, ದಾರ ಬಿಗಿದು, ಆಮೇಲೆ ಬೇರೆ ಕೆಲಸ. ಹುಬ್ಬಳ್ಳಿಯಲ್ಲಿ ನನಗೆ ಕೆಲಸ ಕಲಿಸಿದ ಮುದುಕ ಉಸ್ತಾದರು "ಕಾಮಣಿ ರಕ್ತ ಕತ್ತಲದಾಗ ಇಡು" ಅಂದಿದ್ದರು. ಇಡುತ್ತಿದ್ದೆ. ಯಾಕೆ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಇದು ಅರವತ್ತರ ದಶಕದ ಮೊದಲ ವರ್ಷಗಳ ಮಾತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕರಲ್ಲಿ ಒಂದು ಕಡೆಯ ದವಾಖಾನೆ. ಯಾವುದೆಂದು ಬರೆಯುವುದಿಲ್ಲ. ತಪ್ಪು ನನ್ನದು, ಅದನ್ನು ಊರಿನ ಹೆಸರಿಗೆ ಅಂಟಿಸುವುದು ಬೇಡ.

ಆ ವರ್ಷ ಯುಗಾದಿ ಮುಗಿಯುವುದರೊಳಗೆ ಬಾವಿಗಳು ತಳ ಕಂಡಿದ್ದವು. ಹೆಣ್ಣುಮಕ್ಕಳು ಮೆಟ್ಟಿಲು ಇಳಿದು ಕೆಸರಿನ ಪಕ್ಕದಲ್ಲಿ ಚರಿಗೆಯಿಂದ ನೀರು ಮೊಗೆಯುತ್ತಿದ್ದರು. ಅದರ ಹಿಂದೆಯೇ ಕಾಮಣಿ ಬಂತು. ದಿನಕ್ಕೆ ನಾಲ್ಕೈದು ಜನ ಹಳದಿ ಕಣ್ಣು ಹೊತ್ತು ಬಂದು ನನ್ನ ಬಾಗಿಲ ಮುಂದಿನ ಬಾಕಿನ ಮೇಲೆ ಕೂರುತ್ತಿದ್ದರು. ಹೊರ್ತಿ ಕಡೆಯ ಒಬ್ಬ ಔಷಧಿಯವನು ಊರೂರು ತಿರುಗಿ, ಸುಣ್ಣದ ನೀರಿನ ಬೋಗುಣಿಯಲ್ಲಿ ರೋಗಿಯ ಕೈ ತೊಳೆಸಿ, ನೀರು ಹಳದಿಯಾದರೆ "ಕಾಮಣಿ ಇಳಿಯಾಕತ್ತೈತಿ" ಎಂದು ಹೇಳುತ್ತಿದ್ದ. ಅವನನ್ನು ನಾನು ಬಾಯ್ತುಂಬ ಹಂಗಿಸುತ್ತಿದ್ದೆ. ನನ್ನ ಹತ್ತಿರ ಬೋಗುಣಿ ಇರಲಿಲ್ಲ, ಗಾಜಿನ ನಳಿಕೆ ಇತ್ತು. ಅಷ್ಟಕ್ಕೇ ಹುಲಿಯಾಗಿದ್ದೆ.

ಪರೀಕ್ಷೆ ಹೀಗೆ. ತೆಗೆದ ರಕ್ತವನ್ನು ಅಲುಗಾಡಿಸದೆ ಬಿಟ್ಟರೆ ಕೆಂಪು ಹೆಪ್ಪುಗಟ್ಟಿ ಕೆಳಗೆ ನಿಲ್ಲುತ್ತದೆ, ಮೇಲೆ ತಿಳಿ ಉಳಿಯುತ್ತದೆ. ಆ ತಿಳಿಯೇ ಸೀರಂ. ಆರೋಗ್ಯವಂತರಲ್ಲಿ ಅದು ಒಣಹುಲ್ಲಿನ ಬಣ್ಣ, ಕಾಮಣಿಯವರಲ್ಲಿ ಅರಿಷಿಣ. ನನ್ನ ಹತ್ತಿರ ಎರಡು ಸೀಸೆ ದ್ರಾವಣ. ಬೇರೆ ಬೇರೆ ಇದ್ದರೆ ತಿಂಗಳುಗಟ್ಟಲೆ ಬಾಳುತ್ತವೆ, ಕೂಡಿಸಿದರೆ ಅವತ್ತೇ ಕೆಡುತ್ತವೆ. ಆದ್ದರಿಂದ ಬೇಕಾದಾಗ ಬೇಕಾದಷ್ಟೇ ಕೂಡಿಸಿ ಸೀರಂಗೆ ಹಾಕಬೇಕು. ಆ ಅರಿಷಿಣ ಬಣ್ಣದ ಪಿತ್ತದ ಹೆಸರು ಬಿಲಿರುಬಿನ್, ಅದು ಎಷ್ಟಿದೆಯೋ ಅಷ್ಟು ನೇರಳೆ ಬಣ್ಣ ಏಳುತ್ತದೆ. ಹಾಕಿದ ಕೂಡಲೇ ಏಳುವ ಬಣ್ಣವನ್ನು ಒಮ್ಮೆ ಓದಬೇಕು. ಅದು ಲಿವರ್ ಹದಮಾಡಿ ಕಳಿಸಿಯೂ ಹೊರದಾರಿ ಸಿಗದೆ ರಕ್ತಕ್ಕೆ ಮರಳಿದ ಪಿತ್ತ. ಸ್ಪಿರಿಟ್ ಬೆರೆಸಿದ ಮೇಲೆ ಇನ್ನೊಮ್ಮೆ ಓದಬೇಕು, ಅದು ಒಟ್ಟು. ಗೊತ್ತಿರುವ ಬಣ್ಣದ ಸಾಲು ನಳಿಕೆಗಳ ಪಕ್ಕ ಹಿಡಿದು, ಯಾವುದಕ್ಕೆ ಹೋಲುತ್ತದೆಯೋ ಅದರ ಅಂಕಿ ಬರೆಯುವುದು. ಆರೋಗ್ಯವಂತರಲ್ಲಿ ಅದು ಒಂದರ ಒಳಗೆ.

ಅವಳು ಬಂದದ್ದು ಒಂದು ಬೆಳಿಗ್ಗೆ, ಹತ್ತು ಮೈಲಿ ಆಚೆಯ ಹಳ್ಳಿಯಿಂದ, ಬಸ್ಸಿನಲ್ಲಿ. ಜೊತೆಗೆ ಗಂಡ, ಅದೇ ಹಳ್ಳಿಯ ಸಾಲಿ ಮಾಸ್ತರ, ಮತ್ತು ಅತ್ತೆ. ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸು, ಚೊಚ್ಚಲು, ಏಳು ತಿಂಗಳು. ಬಾಯಿ ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ. ನಳಿಕೆಯಲ್ಲಿ ತನ್ನ ಸೀರಂ ಬೇರೆಯಾದದ್ದನ್ನು ನೋಡಿ ನಕ್ಕಳು.

"ಇಷ್ಟ್ ಹಳದಿ ನನ್ನೊಳಗ ಐತೇನ್ರಿ, ಸಾಹೇಬ್ರ? ಮದಿವ್ಯಾಗ ಹಚ್ಚಿದ ಅರಿಷಿಣ ಇನ್ನೂ ಇಳಿದಿಲ್ಲ ಕಾಣಸ್ತೈತಿ."

ಮಾಸ್ತರ ನಾಚಿ ಗೋಡೆ ನೋಡಿದ. ಅತ್ತೆ "ಬಾಯಿ ಮುಚ್ಚ, ಹುಚ್ಚಿ" ಎಂದು ಬೈಯುತ್ತಲೇ ಅವಳ ಬೆನ್ನು ಸವರಿದಳು.

ಒಟ್ಟು ಎಂಟು ಬಂತು. ಡಾಕ್ಟರು ಅಂಕಿ ನೋಡಿ ಮೂವರನ್ನೂ ಕೂರಿಸಿಕೊಂಡು ತಿಳಿಸಿ ಹೇಳಿದರು. "ನಮ್ಮ ರಕ್ತದಾಗಿನ ಹಳೇ ಕೆಂಪು ಕಣ ಒಡದು ಹಳದಿ ಕಸ ಆಗತೈತ್ರಿ. ಅದನ್ನ ಬಳದು ಹೊರಗ ಹಾಕೋದು ಲಿವರಿನ ಕೆಲಸ. ಈಗ ಬಳಿಯೋ ಕೈ ದಣಿದೈತಿ. ಸಾಮಾನ್ಯ ಮಂದಿಗೆ ಮೂರು ನಾಲ್ಕು ವಾರದಾಗ ತಾನ ಚೇತರಿಸ್ತೈತಿ. ಬಸುರಿಗೆ ಹಂಗ ಹೇಳಾಕ ಬರೂದಿಲ್ಲ." ಬಸ್ಸಿನ ರಸ್ತೆ ಬರೀ ಕಲ್ಲು ಗುಂಡಿ, ಏಳು ತಿಂಗಳ ಬಸುರಿಯನ್ನು ಮತ್ತೆ ಮತ್ತೆ ಕುಣಿಸುವುದು ಬೇಡ, ಮನೆಯಲ್ಲೇ ಹಾಸಿಗೆ ಹಿಡಿದು ಮಲಗಲಿ. ಆ ಹಳ್ಳಿಗೆ ಹೋಗುವ ನರ್ಸಬಾಯಿ ಮೂರು ದಿನಕ್ಕೊಮ್ಮೆ ರಕ್ತ ತೆಗೆದು ಸೀರಂ ಕಳಿಸಲಿ. ಅಂಕಿ ಹನ್ನೆರಡು ಮುಟ್ಟಿತೋ, ದವಾಖಾನೆಯ ಜೀಪು ಕಳಿಸಿ ಬಿಜಾಪುರಕ್ಕೆ ಒಯ್ಯುವುದು. ಇಳಿಯುತ್ತ ಬಂದರೆ ಮನೆಯೇ ಸಾಕು. ಹೀಗೆ ಅವಳ ಮತ್ತು ಹೊಟ್ಟೆಯೊಳಗಿನದರ ಗತಿ ನನ್ನ ನೇರಳೆ ಬಣ್ಣದ ಕೈಗೆ ಬಂತು.

ಹೋಗುವ ಮುಂದೆ ಅವಳು ಕೇಳಿದ್ದು ಒಂದೇ. "ಕೊಲ್ಹಾರದ ಗಡಿಗಿ ಮೊಸರು ತಿನಬಹುದೇನ್ರಿ? ಬಾಳ ಬಯಕಿ ಆಗೇತಿ."

ಡಾಕ್ಟರು ಕೆನೆ, ತುಪ್ಪ ಬೇಡವೆಂದಿದ್ದರು. ನಾನು ದೊಡ್ಡ ಮನುಷ್ಯನಂತೆ, "ಅಂಕಿ ಐದರೊಳಗ ಬರ್ಲಿ, ಆಮ್ಯಾಲ ತಿನ್ರಿ" ಅಂದೆ.

ನರ್ಸಬಾಯಿಗೆ ಕೊಡಲೆಂದು ಸಣ್ಣ ಸೀಸೆಗಳನ್ನೂ ಕರಿ ಕಾಗದವನ್ನೂ ಮಾಸ್ತರನ ಕೈಗಿತ್ತು, ಹೇಗೆ ಸುತ್ತಬೇಕೆಂದು ತೋರಿಸುತ್ತಿದ್ದೆ. ಅತ್ತೆ ನೋಡುತ್ತಿದ್ದವಳು ತಟ್ಟನೆ ನನ್ನ ಕೈ ಹಿಡಿದಳು.

"ಇದೇನ್ರಿ, ಸಾಹೇಬ್ರ?"

"ಹಿಂಗ ಸುತ್ತಿ ದಾರ ಕಟ್ಟಿ ಕಳಸಬೇಕ್ರಿ, ಅವ್ವಾರ."

"ಬ್ಯಾಡ್ರಿ, ಯಪ್ಪಾ! ಬಸುರಿ ರಕ್ತ ಕರೇದರಾಗ ಕಟ್ಟಿ ಊರ ಸೀಮಿ ದಾಟಸ್ತಾರೇನ್ರಿ? ಮಾಟ ಮಾಡವ್ರು ಮಾಡೋ ಕೆಲಸ ಅದು. ನನ್ನ ಕೂಸಿಗೆ ನನ್ನ ಕೈಯಾರೆ ಮಾಡಸ್ತೀರೇನು?"

ಹಿಡಿದ ಕೈ ಬಿಡಲಿಲ್ಲ. ನಾನು ದರ್ಗಾದ ಕರಿ ದಾರ ಕೊರಳಿಗೆ ಕಟ್ಟಿಸಿಕೊಂಡೇ ಬೆಳೆದವನು, ನಗುವ ಅಧಿಕಾರ ನನಗಿರಲಿಲ್ಲ. ಆದರೂ, "ಇದು ಶಾಸ್ತ್ರ ಅಲ್ರಿ, ಪದ್ಧತಿ" ಅಂದೆ.

"ಯಾಕ ಹಿಂಗ ಮಾಡಬೇಕು, ಹೇಳ್ರಿ. ಕಾರಣ ಹೇಳ್ರಿ, ನಾ ಸುಮ್ನ ಆಗ್ತೇನಿ."

ಅವಳದೂ ಹಿರಿಯರು ಹೇಳಿದ್ದು, ನನ್ನದೂ ಹಿರಿಯರು ಹೇಳಿದ್ದು. ಅವಳಿಗಾದರೂ ತನ್ನದರ ಕಾರಣ ಗೊತ್ತಿತ್ತು, ನನಗೆ ಅದೂ ಇಲ್ಲ. ನನ್ನ ಅಜ್ಞಾನ ಬಯಲಾಗುವ ನಾಚಿಕೆಗೆ ಉದಾರತನದ ಅಂಗಿ ತೊಡಿಸಿ, "ಆಯ್ತ್ರಿ ಅವ್ವಾರ, ಬಿಡ್ರಿ, ಹಂಗ ಕಳಸ್ರಿ" ಎಂದು ಕಾಗದ ವಾಪಸು ಇಸಿದುಕೊಂಡೆ. ಮುದುಕಿ ನನ್ನ ಗಲ್ಲ ಮುಟ್ಟಿ ನೆಟಿಗೆ ತೆಗೆದಳು. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಕಾರಣ ಗೊತ್ತಿದ್ದ ಸಂಗತಿಯನ್ನು ಮಾತ್ರ ಮಾಸ್ತರನಿಗೆ ಒತ್ತಿ ಒತ್ತಿ ಹೇಳಿದೆ. ಸೀರಂನಲ್ಲಿ ಒಂದೆರಡು ಕೆಂಪು ಕಣ ಉಳಿದಿದ್ದರೂ ಕುಲುಕಿದರೆ ಒಡೆಯುತ್ತವೆ, ಕೆಂಪು ಬೆರೆತರೆ ನೇರಳೆ ಓದಲಾಗುವುದಿಲ್ಲ. "ಮಾಸ್ತರ್ರ, ಏನರ ಆಗ್ಲಿ, ಕುಲುಕಬ್ಯಾಡ್ರಿ."

ನಾಲ್ಕನೇ ದಿನ ಹನ್ನೊಂದು ಗಂಟೆಗೆ ಮಾಸ್ತರ ಬಂದ. ಅಂಗಿ ಬೆವರಿಗೆ ಮೈಗೆ ಅಂಟಿತ್ತು. ಬಲಗೈ ಮುಂದೆ ಚಾಚಿತ್ತು. ಹೆಬ್ಬೆರಳು ಮತ್ತು ಎರಡು ಬೆರಳ ನಡುವೆ ಸೀಸೆ ನೆಟ್ಟಗೆ ನಿಂತಿತ್ತು.

"ಸೈಕಲ್ ಎಲ್ಲಿ, ಮಾಸ್ತರ್ರ?"

"ಸೈಕಲ್ ಕುಣೀತೈತ್ರಿ. ಬಸ್ಸಂತೂ ಹೇಳೂದ ಬ್ಯಾಡ. ನಡಕೋತ ಬಂದ್ನಿ. ಹಿಂಗ ಹಿಡಕೊಂಡ. ಒಂದ್ ಹನಿ ಅಲುಗಿಲ್ಲ, ನೋಡ್ರಿ."

ಹತ್ತು ಮೈಲಿ, ಆ ಬಿಸಿಲಿನಲ್ಲಿ, ಮರದ ನೆರಳೆಂಬುದಿಲ್ಲದ ಎರೆ ಹೊಲದ ದಾರಿಯಲ್ಲಿ ಮೂರು ತಾಸು. ಬೆರಳುಗಳು ಸೆಟೆದು ಹೋಗಿದ್ದವು. ಒಂದೊಂದೇ ಬೆರಳು ಬಿಡಿಸಿ ನಾನೇ ಸೀಸೆ ತೆಗೆದುಕೊಳ್ಳಬೇಕಾಯಿತು. ಹೆಂಡತಿಯನ್ನು ಹೀಗೆ ಪ್ರೀತಿಸುವವನನ್ನು ನಾನು ನೋಡಿರಲಿಲ್ಲ. ಅವನಿಗೆ ನೀರು ಕೊಟ್ಟು, ಪಂಖಾ ಹಾಕಿ ಕೂರಿಸಿ ಪರೀಕ್ಷೆ ಮಾಡಿದೆ. ಆರು ಬಂತು. ಡಾಕ್ಟರಿಗೂ ಸಮಾಧಾನ. "ಇಳಿಮುಖ" ಎಂದು ಬರೆದು ಸಹಿ ಹಾಕಿದರು.

ಏಳನೇ ದಿನ ಮತ್ತೆ ಹಾಗೇ ಬಂದ, ಹಾಗೇ ಕೈ ಚಾಚಿಕೊಂಡು. ಈ ಸಲ ಎಡಗೈಯಲ್ಲಿ ಇನ್ನೊಂದು ಸೀಸೆ. ನರ್ಸಬಾಯಿ ತಾನಾಗಿಯೇ ಮೂತ್ರವನ್ನೂ ಕಳಿಸಿದ್ದಳು. ಜೊತೆಗೆ ಒಂದು ಚೀಟಿ: "ಊಟ ಬ್ಯಾಡಂತಾಳ. ಹಗಲೂ ನಿದ್ದಿ. ನೋಡ್ರಿ." ರಕ್ತದ ಅಂಕಿ ನಾಲ್ಕೂವರೆ. ಮೂತ್ರ ಮಾತ್ರ ಹಾಲು ಹಾಕದ ಚಹಾದಂತೆ ಕಪ್ಪಗೆ, ಅಲ್ಲಾಡಿಸಿದರೆ ಹಳದಿ ನೊರೆ. ಒಂದು ಗಳಿಗೆ ಕೈ ತಡೆಯಿತು. ಕಾಮಣಿ ಇಳಿಯುವಾಗ ಮೊದಲು ತಿಳಿಯಾಗುವುದು ಮೂತ್ರ, ರಕ್ತ ಆಮೇಲೆ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಮೂತ್ರ ಬರೀ ಕಣ್ಣಿಗೆ ಕಂಡದ್ದು, ರಕ್ತ ನಾನು ಅಳೆದದ್ದು ಎಂದುಕೊಂಡೆ. ಡಾಕ್ಟರು ಕೋರ್ಟ್ ಸಾಕ್ಷಿಗೆಂದು ಜೀಪಿನಲ್ಲಿ ಪರ ಊರಿಗೆ ಹೋಗಿದ್ದರು, ಮರುದಿನ ಸಂಜೆಗೆ ಬರುವವರು. ಕೇಳೋಣವೆಂದರೆ ಬೇರೆ ಯಾರೂ ಇರಲಿಲ್ಲ.

ಮಾಸ್ತರ ನನ್ನ ಮುಖವನ್ನೇ ನೋಡುತ್ತಿದ್ದ. "ಏನಂತೈತ್ರಿ?"

"ಇಳಿದೈತ್ರಿ, ಮಾಸ್ತರ್ರ. ನಾಲ್ಕೂವರಿ."

"ಐದರೊಳಗ ಬಂತಲ್ರಿ!" ಎಂದು ಕೈ ಮುಗಿದ. "ಹಂಗಾದ್ರ ಮೊಸರು ಒಯ್ಯಲೇನ್ರಿ? ದಿನಾ ನಿಮ್ಮ ಹೆಸರು ಹೇಳ್ತಾಳ್ರಿ, ಸಾಹೇಬ್ರು ಯಾವಾಗ ಅಪ್ಪಣಿ ಕೊಡ್ತಾರ ಅಂತ."

"ಒಯ್ರಿ" ಅಂದೆ.

ಎಂಟನೇ ದಿನ ಬೆಳಿಗ್ಗೆ ಪೇಟೆಯ ಅರಳೆ ಅಂಗಡಿಯ ಗುಮಾಸ್ತನೊಬ್ಬ ಕಾಮಣಿಯೆಂದು ಬಂದ. ಅವನ ಸೀರಂ ಸ್ವಲ್ಪ ಹೆಚ್ಚೇ ಸಿಕ್ಕಿತು. ಒಂದು ನಳಿಕೆಗೆ ತುಂಬಿ ಕರಿ ಕಾಗದ ಸುತ್ತಿದೆ. ಉಳಿದದ್ದನ್ನು ಇನ್ನೊಂದು ನಳಿಕೆಗೆ ಸುರಿದು ಪೂರ್ವದ ಕಿಟಕಿಯ ಕಟ್ಟೆಯ ಮೇಲೆ ಇಟ್ಟು, ಸುತ್ತುವಷ್ಟರಲ್ಲಿ ಯಾರೋ ಕರೆದರೆಂದು ಎದ್ದುಹೋದವನು ಮರೆತೇಬಿಟ್ಟೆ. ನೆನಪಾಗಿ ಬಂದಾಗ ಹನ್ನೆರಡೂವರೆ. ಕಿಟಕಿಯ ನಳಿಕೆ ಬೆಳ್ಳಗಾಗಿತ್ತು. ಯಾರೋ ನೀರು ಬೆರೆಸಿದರೇನೋ ಎಂದುಕೊಂಡೆ. ಸುತ್ತಿದ್ದನ್ನು ಬಿಚ್ಚಿದೆ. ಅದು ಬೆಳಿಗ್ಗೆ ಇದ್ದಂತೆಯೇ ಗಟ್ಟಿ ಅರಿಷಿಣ.

ಒಬ್ಬನೇ ಮನುಷ್ಯ, ಒಂದೇ ಸೂಜಿಯ ರಕ್ತ. ದ್ರಾವಣ ಕೂಡಿಸಿ ಎರಡಕ್ಕೂ ಹಾಕಿದೆ. ಕತ್ತಲೆಯದು ಏಳು, ಬಿಸಿಲಿನದು ಎರಡು.

ಬಿಸಿಲು ಬಿಲಿರುಬಿನ್ನನ್ನು ತಿನ್ನುತ್ತದೆ. ಉಸ್ತಾದರು ಹೇಳದೆ ಬಿಟ್ಟ ಕಾರಣ ಅದು. ಒಂದೇ ಸಾಲಿನ ಕಾರಣ. ಮುದುಕಿ ಅಷ್ಟನ್ನೇ ಕೇಳಿದ್ದಳು.

ಮಾಸ್ತರನ ಚಾಚಿದ ಕೈ ಕಣ್ಣ ಮುಂದೆ ಬಂತು. ಮೂರು ತಾಸು, ಬೋಳು ಸೀಸೆ, ಚೈತ್ರದ ಬಿಸಿಲು. ಆರು ಅಂದಾಗ ನಿಜ ಎಷ್ಟಿತ್ತು? ನಾಲ್ಕೂವರೆ ಅಂದಾಗ? ಡಾಕ್ಟರು ಬರುವುದು ಸಂಜೆಗೆ. ಅವರ ಅಪ್ಪಣೆಯಿಲ್ಲದೆ ರೋಗಿಯನ್ನು ಬಿಜಾಪುರಕ್ಕೆ ಕಳಿಸುವ ಅಧಿಕಾರ ಲ್ಯಾಬಿನವನಿಗೆ ಇಲ್ಲ. ಲ್ಯಾಬು ಬಿಟ್ಟು ಹೋಗುವ ಅಧಿಕಾರವೂ ಇಲ್ಲ. ಕಾಯಲೇ ಎಂದು ಒಮ್ಮೆ ಅನ್ನಿಸಿತು. ಆಮೇಲೆ ಎರಡು ಸೀಸೆ ದ್ರಾವಣ, ಸ್ಪಿರಿಟ್, ಸಾಲು ನಳಿಕೆ, ಸಿರಿಂಜು ಚೀಲಕ್ಕೆ ಹಾಕಿ, ಕಂಪೌಂಡರನ ಕೈಗೆ ಬೀಗದ ಕೈ ಕೊಟ್ಟು, ಡಾಕ್ಟರಿಗೆ ಒಂದು ಚೀಟಿ ಬರೆದಿಟ್ಟು ಒಂದೂವರೆಯ ಬಸ್ಸು ಹತ್ತಿದೆ.

ಮನೆಯ ಪಡಸಾಲೆಯಲ್ಲಿ ಅವಳು ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ತೂಗುವ ನೆಲುವಿನ ಮೇಲೆ ಮೊಸರಿನ ಗಡಿಗೆ, ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಿರಲಿಲ್ಲ. ನಾನು ಕರೆದೆ. ಕಣ್ಣು ತೆರೆದಳು. ಕಣ್ಣಿನ ಬಿಳಿ ಕಿತ್ತಳೆಯಾಗಿತ್ತು. ನನ್ನನ್ನು ನೋಡಿ "ಅಣ್ಣಾ, ಬಂದೇನು? ಅವ್ವ ಬಂದ್ಲೇನು?" ಅಂದಳು. ಅವಳಿಗೆ ಅಣ್ಣನೇ ಇರಲಿಲ್ಲ ಎಂದು ಮಾಸ್ತರ ಆಮೇಲೆ ಹೇಳಿದ.

ನರ್ಸಬಾಯಿಯನ್ನು ಕರೆಸಿ ರಕ್ತ ತೆಗೆಸಿದೆ. ಸೂಜಿ ಚುಚ್ಚಿದ ಜಾಗದಲ್ಲಿ ಎಷ್ಟು ಒತ್ತಿ ಹಿಡಿದರೂ ರಕ್ತ ನಿಲ್ಲಲಿಲ್ಲ. ರಕ್ತ ಹೆಪ್ಪುಗಟ್ಟಿಸುವ ಸರಕನ್ನು ತಯಾರಿಸುವುದೂ ಲಿವರೇ. ಆಗಲೇ ಗೊತ್ತಾಯಿತು, ಅಂಕಿಯ ಅವಶ್ಯಕತೆಯೇ ಇರಲಿಲ್ಲ. ಆದರೂ ಸೀರಂ ಬೇರೆಯಾಗುವುದನ್ನು ಕಾಯದೆ ಇರಲಾಗಲಿಲ್ಲ. ನಳಿಕೆಯನ್ನು ನನ್ನ ಅಂಗಿಯೊಳಗೆ, ಕತ್ತಲೆಯಲ್ಲಿ ಇಟ್ಟುಕೊಂಡೆ. ಮಾಸ್ತರ ಗಾಡಿ ಕಟ್ಟಿಸಲು ಓಡಿದ್ದ. ಅತ್ತೆ ಮಾತ್ರ ಪಕ್ಕದಲ್ಲಿದ್ದಳು.

"ಅಂಗ್ಯಾಗ ಯಾಕ್ ಇಟ್ಕೊಂಡ್ರಿ, ಸಾಹೇಬ್ರ?"

"ಬಿಸಿಲು ತಾಗಬಾರ್ದ್ರಿ" ಎಂದು ಬಾಯಿ ಜಾರಿತು. ಅವಳು ನನ್ನ ಅಂಗಿಯನ್ನೂ, ಮಗ ಓಡಿದ ದಾರಿಯ ಬಿಸಿಲನ್ನೂ ನೋಡಿದಳು.

ಅಡುಗೆ ಮನೆಯ ಬಾಗಿಲಲ್ಲಿ ಕೂತು ಪರೀಕ್ಷೆ ಮಾಡಿದೆ. ದ್ರಾವಣ ಬಿದ್ದ ಕೂಡಲೇ ನೇರಳೆ ಎದ್ದಿತು, ಮಸಿ ಸುರಿದಂತೆ. ನನ್ನ ಸಾಲಿನ ಕೊನೆಯ ನಳಿಕೆ ಇಪ್ಪತ್ತರದು. ಇದು ಅದಕ್ಕಿಂತ ಕಪ್ಪಾಗಿತ್ತು.

ಗಾಡಿಯಲ್ಲಿ ಹುಲ್ಲು ಹಾಸಿ ಡಾಂಬರು ರಸ್ತೆಯವರೆಗೆ ತಂದೆವು. ಅರಳೆ ಹೊತ್ತ ಲಾರಿಯೊಂದನ್ನು ಅಡ್ಡಗಟ್ಟಿ ನಿಲ್ಲಿಸಿ, ಚಾಲಕನ ಕಾಲು ಹಿಡಿದು, ಸಂಜೆಗೆ ಬಿಜಾಪುರ ಮುಟ್ಟಿಸಿದೆವು. ಅಲ್ಲಿನವರು ಮಾಡುವುದನ್ನೆಲ್ಲ ಮಾಡಿದರು. ಮರುದಿನ ಬೆಳಿಗ್ಗೆ ಕೂಸು ಹುಟ್ಟಿತು, ಅಳಲಿಲ್ಲ. ಮಧ್ಯಾಹ್ನ ಅವಳೂ ಹೋದಳು. ಕೊನೆಗೆ ಒಂದು ಮಾತೂ ಆಡಲಿಲ್ಲ, ಅಷ್ಟು ಮಾತಾಡುತ್ತಿದ್ದವಳು.

ದವಾಖಾನೆಯ ಹೊರಗಿನ ಬೇವಿನ ಮರದ ಕಟ್ಟೆಯ ಮೇಲೆ ಮಾಸ್ತರ ಕೂತಿದ್ದ. ಬಲಗೈಯನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡಿದ್ದ. ನಾನು ಪಕ್ಕದಲ್ಲಿ ಕೂತೆ. ನನ್ನ ಕಡೆ ತಿರುಗಿ ಕೇಳಿದ.

"ಅಂಕಿ ಇಳಿದಿತ್ತಲ್ರಿ, ಸಾಹೇಬ್ರ. ಮತ್ತ ಹಿಂಗ್ಯಾಕ ಆತು? ನಾ ದಾರ್ಯಾಗ ಎಲ್ಲೆರ ಕುಲುಕಿದ್ನೇನ್ರಿ?"

"ಇಲ್ರಿ, ಮಾಸ್ತರ್ರ. ನೀವು ಒಂದ್ ಹನಿ ಸುದ್ದಾ ಕುಲುಕಿಲ್ಲ. ನನ್ನ ಪರೀಕ್ಷಾ ತಪ್ಪಿತ್ರಿ. ತಪ್ಪು ನಂದು."

ಅಷ್ಟೂ ನಿಜ. ಎಷ್ಟು ಹೇಳಬೇಕೋ ಅಷ್ಟು ಹೇಳಲಿಲ್ಲ. ಬಿಸಿಲಿನ ಮಾತು ಹೇಳಿದ್ದರೆ ಅವನು ಬದುಕಿಡೀ ಆ ಕೈಯನ್ನು ನೋಡಿಕೊಳ್ಳುತ್ತಿದ್ದ. ಅವನು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಡಾಕ್ಟರಿಗೆ ಎಲ್ಲವನ್ನೂ ಹೇಳಿದೆ. ಎರಡು ನಳಿಕೆಗಳನ್ನು ಕಿಟಕಿಯಲ್ಲೂ ಕಪಾಟಿನಲ್ಲೂ ಇಟ್ಟು ಮತ್ತೆ ಮಾಡಿ ತೋರಿಸಿದೆ. ಅವರು ಕನ್ನಡಕ ತೆಗೆದಿಟ್ಟರು. "ಮೊದಲ ಗೊತ್ತಾಗಿದ್ರೂ ಉಳೀತಿದ್ಲು ಅಂತ ಖಾತ್ರಿ ಹೇಳಲಾರೆ. ಬಸುರಿಯರ ಕಾಮಣಿ ಕೆಟ್ಟದ್ದು. ಆದ್ರ ಆ ನಾಲ್ಕು ದಿನ ಆಕಿಗೆ ಸಿಗಬೇಕಿತ್ತು" ಅಂದರು. ಆಮೇಲೆ, "ನಂದೂ ಐತಿ. ಅಂಕಿ ನೋಡಿದೆ, ಒಂದ್ಸಲ ಹೋಗಿ ಆಕಿನ್ನ ನೋಡಲಿಲ್ಲ" ಅಂದರು. ನನ್ನ ರಾಜೀನಾಮೆ ಪತ್ರವನ್ನು ಓದದೆ ಹರಿದು ಹಾಕಿದರು. ಹೊರ್ತಿ ಕಡೆಯವನನ್ನು ನಾನು ಮತ್ತೆ ಹಂಗಿಸಲಿಲ್ಲ. ಅವನ ಬೋಗುಣಿಯೂ ಇಳಿದಿದೆ ಅಂದಿತ್ತು, ನನ್ನ ನಳಿಕೆಯೂ ಇಳಿದಿದೆ ಅಂದಿತ್ತು. ಜನ ನಂಬಿದ್ದು ನನ್ನನ್ನು.

ಮುಂದಿನ ವರ್ಷ, ಮತ್ತೆ ಬಾವಿಗಳು ಬತ್ತುವ ಹೊತ್ತಿಗೆ, ಒಂದು ಮಧ್ಯಾಹ್ನ ಲ್ಯಾಬಿನ ಬಾಗಿಲಲ್ಲಿ ನೆರಳು ಬಿತ್ತು. ಆ ಅತ್ತೆ. ಒಬ್ಬಳೇ ಬಂದಿದ್ದಳು, ಅರ್ಧ ಆಗಿಹೋಗಿದ್ದಳು. ಕಿರಿಯ ಮಗನಿಗೆ ಕಾಮಣಿ, ನರ್ಸಬಾಯಿ ರಕ್ತ ಕೊಟ್ಟು ಕಳಿಸಿದ್ದಾಳೆ ಅಂದಳು. ಸೀಸೆ ಎಲ್ಲೂ ಕಾಣಲಿಲ್ಲ. ಅವಳು ಸೆರಗು ಸರಿಸಿ, ಕುಪ್ಪಸದೊಳಗಿಂದ ಒಂದು ಗಂಟು ತೆಗೆದು ನನ್ನ ಮೇಜಿನ ಮೇಲಿಟ್ಟಳು. ಕರಿ ಅರಿವೆ, ಮೇಲೆ ಕರಿ ದಾರ, ಮೂರು ಸುತ್ತು, ಬಿಗಿಯಾಗಿ.

ನನ್ನ ಅಂಗಿ ನೋಡಿದ ಅವತ್ತೇ ಅವಳಿಗೆ ತಿಳಿದಿತ್ತು, ತಾನು ಬೇಡವೆಂದ ಕರಿ ಕಾಗದ ಯಾತಕ್ಕೆಂದು. ಒಂದು ವರ್ಷ ಅದನ್ನು ಒಬ್ಬಳೇ ಹೊತ್ತುಕೊಂಡಿದ್ದಳು, ನನ್ನ ಪಾಲನ್ನೂ ಸೇರಿಸಿ.

"ಅವ್ವಾರ..." ಎಂದೆ. "ಅವತ್ತ ನೀವು ಕಾರಣ ಕೇಳಿದ್ರಿ. ನನಗ ಗೊತ್ತಿರಲಿಲ್ರಿ."

ಅವಳು ನನ್ನನ್ನು ನೋಡಲಿಲ್ಲ. ಗಂಟನ್ನು ನನ್ನ ಕಡೆ ಸ್ವಲ್ಪ ಸರಿಸಿದಳು.

"ಹಿರೇ ಮಗಗ ಹೇಳಿಲ್ರಿ ನಾ. ನೀವೂ ಹೇಳಬ್ಯಾಡ್ರಿ. ಸೀಮಿ ದಾಟೂ ಮುಂದ ಜೀವ ಹೋದಂಗಾತು, ಆದ್ರೂ ದಾರ್ಯಾಗ ಎಲ್ಲೂ ಬಿಚ್ಚಿಲ್ರಿ. ನೋಡ್ಕೋರಿ."

ಮೂರು ಗಂಟು ಹಾಕಿದ್ದಳು. ಬಿಚ್ಚಲು ಬಹಳ ಹೊತ್ತು ಹಿಡಿಯಿತು. ಅವಳು ಬಾಗಿಲಲ್ಲಿ ಬಿಸಿಲಿಗೆ ಅಡ್ಡವಾಗಿ ನಿಂತೇ ಇದ್ದಳು.